ಬೀರುವಿನ ಬೀಗ ತೆಗೆಯಲು ಅಮ್ಮ ಬರಲಿ

ಮಕ್ಕಳೇ, ನಿಮ್ಮ ಶಾಲೆಯಲ್ಲಿ ಪುಸ್ತಕಗಳು ಎಲ್ಲಿವೆ? ಪಠ್ಯಪುಸ್ತಕಗಳನ್ನು ಕೇಳುತ್ತಿಲ್ಲ. ಕಥೆ, ಹಕ್ಕಿ, ನಕ್ಷತ್ರ, ವಿಜ್ಞಾನಿಗಳ ಬಾಳು, ಇವನ್ನೆಲ್ಲ ಹೇಳುವ ಪುಸ್ತಕಗಳು. ನಾನು ಶಾಲೆಯಿಂದ ಶಾಲೆಗೆ ಹೋಗುವವನು. ಈ ಪ್ರಶ್ನೆ ಕೇಳಿದಾಗಲೆಲ್ಲ ಮಕ್ಕಳು ಮುಖ್ಯ ಗುರುಗಳ ಕೊಠಡಿಯ ಕಡೆಗೆ ಬೆರಳು ತೋರಿಸುತ್ತಾರೆ. ಅಲ್ಲಿ ಮೂಲೆಯಲ್ಲೊಂದು ಬೀರು, ಬೀರುವಿಗೊಂದು ಬೀಗ. ಬೀಗದ ಕೈ ಎಲ್ಲಿ ಎಂದರೆ ಮಾತ್ರ ಒಬ್ಬರ ಮುಖ ಒಬ್ಬರು ನೋಡುತ್ತಾರೆ!

ಬೀಗ ಹಾಕಿದವರನ್ನು ಬೈಯಬೇಡಿ. ಒಂದು ಕಾಲಕ್ಕೆ ನಾನೂ ಬೀಗ ಹಾಕಿದವನೇ. ಎಂ.ಎಸ್ಸಿ. ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದಾಗ, ಮಲೆನಾಡಿನ ಒಂದು ಶಾಲೆಯಲ್ಲಿ ಗ್ರಂಥಾಲಯದ ಹೊಣೆ ನನ್ನ ತಲೆಗೆ ಬಂತು. ಗ್ರಂಥಾಲಯವೆಂದರೆ ಗೋಡೆಗೆ ಒತ್ತಿಕೊಂಡು ನಿಂತಿದ್ದ ಒಂದು ಮರದ ಬೀರು. ಸ್ಟಾಕ್ ರಿಜಿಸ್ಟರಿನಲ್ಲಿ 180 ಪುಸ್ತಕ. ಒಂದು ಕಳೆದರೂ ಲೆಕ್ಕ ಕೊಡಬೇಕಾದವನು ನಾನು. ಹಾಗಾಗಿ ಎಣಿಸಿದೆ, ಅಂದವಾಗಿ ಜೋಡಿಸಿದೆ, ಬೀಗ ಜಡಿದು ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡೆ. ಜೂನ್‌ನಲ್ಲಿ ಮಳೆ ಹಿಡಿಯಿತು. ದಸರಾ ರಜೆ ಮುಗಿಸಿ ಬಂದು ಬೀರು ತೆರೆದಾಗ ಎಲ್ಲವೂ ಸರಿಯಾಗಿಯೇ ಇದ್ದಂತೆ ಕಂಡಿತು. ಒಂದು ಪುಸ್ತಕ ಎಳೆದೆ. ರಟ್ಟು ಮಾತ್ರ ಕೈಗೆ ಬಂತು. ಒಳಗಿದ್ದುದು ಮಣ್ಣು. ಕೆಳಗಿನ ಎರಡು ಸಾಲು ಪೂರ್ತಿ ಗೆದ್ದಲಿನ ಪಾಲಾಗಿತ್ತು. ಆ ವರ್ಷ ಆ ಪುಸ್ತಕಗಳಲ್ಲಿ ಒಂದನ್ನೂ ಒಂದು ಮಗುವೂ ಓದಿರಲಿಲ್ಲ. ಓದಿದ್ದು ಗೆದ್ದಲು ಮಾತ್ರ!

ಹೀಗೇಕಾಯಿತು ನೋಡೋಣ. ಮರ, ಬಿದಿರು, ಹುಲ್ಲಿನಂಥ ಸಸ್ಯಗಳ ನಾರಿನಿಂದ ಕಾಗದ ತಯಾರಾಗುತ್ತದೆ. ಆ ನಾರಿನ ಮುಖ್ಯ ವಸ್ತು ಸೆಲ್ಯುಲೋಸ್. ನಾವು ಕಾಗದ ತಿಂದರೆ ಅದು ಅರಗುವುದಿಲ್ಲ. ಗೆದ್ದಲಿಗೆ ಅರಗುತ್ತದೆ. ಅದರ ಕರುಳಿನಲ್ಲಿರುವ ಸೂಕ್ಷ್ಮಜೀವಿಗಳು ಸೆಲ್ಯುಲೋಸನ್ನು ಒಡೆಯಲು ನೆರವಾಗುತ್ತವೆ. ಕೆಲವು ಜಾತಿಯ ಗೆದ್ದಲುಗಳು ಗೂಡಿನೊಳಗೆ ಶಿಲೀಂಧ್ರ ಬೆಳೆಸಿ ಅದರಿಂದಲೂ ಕೆಲಸ ಮಾಡಿಸಿಕೊಳ್ಳುತ್ತವೆ. ಬೆಳಕು, ಒಣಗಾಳಿ ಗೆದ್ದಲಿಗೆ ಆಗದು. ಅದಕ್ಕೇ ಅದು ಮಣ್ಣಿನ ಕೊಳವೆ ಕಟ್ಟಿಕೊಂಡು ಅದರೊಳಗೇ ಓಡಾಡುತ್ತದೆ. ಹಳೆಯ ಪುಸ್ತಕ ತೆರೆದಾಗ ಬೆಳ್ಳಿಯಂತೆ ಹೊಳೆಯುವ, ಮೂರು ಬಾಲದ, ರೆಕ್ಕೆ ಇಲ್ಲದ ಪುಟ್ಟ ಕೀಟವೊಂದು ಸರ್ರನೆ ಓಡಿಹೋಗುವುದನ್ನು ನೋಡಿದ್ದೀರಾ? ಅದು ಸಿಲ್ವರ್‌ಫಿಶ್. ಹೆಸರಲ್ಲಿ ಮೀನಿದೆ, ಮೀನಲ್ಲ. ಪುಸ್ತಕದ ಬೆನ್ನಿಗೆ ಹಚ್ಚಿದ ಪಿಷ್ಟದ ಅಂಟು ಅದಕ್ಕೆ ಬಲು ಇಷ್ಟ. ಇನ್ನು ಬೂಷ್ಟು. ತೇವ ಸಿಕ್ಕರೆ ಸಾಕು, ಅದು ಹಾಜರ್. ಕತ್ತಲೆ ಇರಬೇಕು, ತೇವ ಇರಬೇಕು, ಯಾರೂ ಬಂದು ಕದಡಬಾರದು: ಇವೆಲ್ಲಕ್ಕೂ ಬೇಕಾದದ್ದು ಅಂಥ ಜಾಗ. ಬೀಗ ಹಾಕಿದ ಬೀರು ಎಂದರೆ ಅದೇ ತಾನೇ? ವಾರಕ್ಕೊಮ್ಮೆ ತೆರೆಯುವ ಬೀರುವಿಗೆ ಗೆದ್ದಲು ಹತ್ತಿದರೂ ಮೊದಲ ವಾರದಲ್ಲೇ ಕಣ್ಣಿಗೆ ಬೀಳುತ್ತದೆ.

ಎಸ್. ಆರ್. ರಂಗನಾಥನ್ ಅವರ ಹೆಸರು ಕೇಳಿದ್ದೀರಾ? 1892ರಲ್ಲಿ ತಮಿಳುನಾಡಿನ ಶೀರ್ಕಾಳಿಯಲ್ಲಿ ಹುಟ್ಟಿದವರು. ಗಣಿತದ ಮೇಷ್ಟ್ರಾಗಿದ್ದವರು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಕೊನೆಯ ವರ್ಷಗಳನ್ನು ನಮ್ಮ ಬೆಂಗಳೂರಿನಲ್ಲಿ ಕಳೆದರು. 1962ರಲ್ಲಿ ಅಲ್ಲಿ ಗ್ರಂಥಾಲಯ ವಿಜ್ಞಾನದ ತರಬೇತಿ ಕೇಂದ್ರವೊಂದನ್ನು ಕಟ್ಟಿದರು. ಗ್ರಂಥಾಲಯಕ್ಕೆ ಐದು ನಿಯಮಗಳನ್ನು ಹೇಳಿದ ಅವರ ಪುಸ್ತಕ 1931ರದು. ಪುಸ್ತಕ ಇರುವುದು ಬಳಸಲಿಕ್ಕೆ ಎಂಬುದು ಅವುಗಳಲ್ಲಿ ಮೊದಲನೆಯದು. ಇಷ್ಟು ಸಣ್ಣ ಮಾತಿಗೆ ನಿಯಮ ಏಕೆ ಬೇಕು ಎನಿಸುತ್ತದೆ ಅಲ್ಲವೇ? ಹಿಂದೆ ಯುರೋಪಿನ ಎಷ್ಟೋ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಸರಪಳಿ ಹಾಕಿ ಕಪಾಟಿಗೆ ಕಟ್ಟಿಡುತ್ತಿದ್ದರು. ಸರಪಳಿ ಹೋಯಿತು, ಬೀಗ ಉಳಿಯಿತು.

ಸರಿ, ಬೀಗ ತೆಗೆಯುವವರು ಯಾರು? ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯಿದೆ ಹೇಳುತ್ತದೆ. ಆದರೆ ನಮ್ಮ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಗ್ರಂಥಪಾಲಕರ ಹುದ್ದೆ ಇಲ್ಲ. ಇರುವ ಶಿಕ್ಷಕರಲ್ಲೇ ಒಬ್ಬರು ನೋಡಿಕೊಳ್ಳಬೇಕು. ಅವರಿಗೆ ಪಾಠವಿದೆ, ಬಿಸಿಯೂಟದ ಲೆಕ್ಕವಿದೆ, ತುಂಬಿಸಬೇಕಾದ ನಮೂನೆಗಳಿವೆ. ನನ್ನ ಅಭಿಪ್ರಾಯ ಇಷ್ಟೇ: ಆ ಬೀರುವಿನ ಮುಂದೆ ನಿಮ್ಮ ಅಪ್ಪ, ಅಮ್ಮ, ಅಜ್ಜಿ, ಅಜ್ಜ ಬಂದು ಕೂರಬೇಕು. ಅವರನ್ನು ಕರೆಯಬೇಕಾದವರು ನೀವು. ಎಸ್‌ಡಿಎಂಸಿ ಎಂದು ಕೇಳಿರುತ್ತೀರಿ. ಶಾಲೆಯನ್ನು ನೋಡಿಕೊಳ್ಳಲು ಪೋಷಕರದೇ ಸಮಿತಿ, 2001ರಿಂದ ಇದೆ. ಅದರ ಸಭೆಯಲ್ಲಿ ಕೊಠಡಿ, ಕಾಂಪೌಂಡು, ನೀರಿನ ಮಾತು ಬರುತ್ತದೆ, ಬರಲೇಬೇಕು. ಪುಸ್ತಕದ ಮಾತು ಬಂದದ್ದನ್ನು ನಾನು ಕೇಳಿದ್ದು ಕಡಿಮೆ. ಹಾಗೆಂದು ಪೋಷಕರು ಬಂದರೆ ಸರ್ಕಾರ ಕೈತೊಳೆದುಕೊಳ್ಳಬಹುದು ಎಂದು ನಾನು ಹೇಳುತ್ತಿಲ್ಲ. ಹೊಸ ಪುಸ್ತಕಕ್ಕೆ ಹಣ ಕೊಡುವುದು, ಓದಿಸಲು ಜನ ಕೊಡುವುದು ಸರ್ಕಾರದ್ದೇ ಕೆಲಸ. ಅಲ್ಲಿಯವರೆಗೆ ಪುಸ್ತಕ ಕಾಯುತ್ತದೆ, ಗೆದ್ದಲು ಕಾಯುವುದಿಲ್ಲ.

ಈ ಮಾತನ್ನು ಎಲ್ಲರೂ ಒಪ್ಪುವುದಿಲ್ಲ. ನನ್ನ ಜೊತೆಯ ಶಿಕ್ಷಕರೇ ವಾದ ಮಾಡಿದ್ದಾರೆ. ಪುಸ್ತಕ ಕಳೆದರೆ? ಕಳೆಯುತ್ತವೆ. ಚಿತ್ರದುರ್ಗ ಜಿಲ್ಲೆಯಲ್ಲಿ, ಶೇಂಗಾ ಬೆಳೆಯುವ ಒಂದು ಊರಿನ ಶಾಲೆಯಲ್ಲಿ ಶನಿವಾರ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಹೊತ್ತು ಇಬ್ಬರು ಪೋಷಕರು ಪುಸ್ತಕ ಕೊಟ್ಟು ತೆಗೆದುಕೊಳ್ಳುತ್ತಾರೆ. ಮೊದಲ ವರ್ಷದಲ್ಲಿ ಅಲ್ಲಿ 11 ಪುಸ್ತಕ ಕಳೆದವು. ಅವು ಯಾರದೋ ಮನೆಯ ಗೂಡಿನಲ್ಲಿ, ಹಾಸಿಗೆಯ ಸುರುಳಿಯಲ್ಲಿ ಇರಬಹುದು. ಯಾರೋ ಓದಿರಬಹುದು. ನನ್ನ ಮರದ ಬೀರುವಿನಲ್ಲಿ ಹೋದವಕ್ಕಿಂತ ಇವು ಎಷ್ಟೋ ಮೇಲು.

ಇನ್ನೊಂದು ತಕರಾರು, ಇದು ನಿಜವಾದದ್ದು. ಕೂಲಿಗೆ ಹೋಗುವವರು ದಿನದ ದುಡಿಮೆ ಬಿಟ್ಟು ಬರುವುದು ಹೇಗೆ? ಬಿಟ್ಟು ಬನ್ನಿ ಎಂದು ಕೇಳಬಾರದು. ಬಿತ್ತನೆ, ಕೊಯ್ಲಿನ ತಿಂಗಳುಗಳಲ್ಲಿ ಆ ಊರಿನಲ್ಲಿ ಅಜ್ಜಂದಿರೇ ಬಂದು ಕೂರುತ್ತಾರೆ. ತಿಂಗಳಿಗೆ ಒಬ್ಬರ ಪಾಲಿಗೆ ಒಂದು ಗಂಟೆ ಬಂದರೂ ಸಾಕು.

ಪೋಷಕರು ಬಂದರೆ ಎಲ್ಲವೂ ಚೆನ್ನ ಎಂದೂ ತಿಳಿಯಬೇಡಿ. ಅದೇ ಶಾಲೆಯಲ್ಲಿ ಒಬ್ಬ ತಂದೆ ಕಥೆಪುಸ್ತಕ ಹಿಡಿದ ಹುಡುಗರನ್ನೆಲ್ಲ ಗದರಿಸಿ, ಬದಲಿಗೆ ಸಾಮಾನ್ಯ ಜ್ಞಾನದ ಪುಸ್ತಕ ಕೊಟ್ಟು ಕಳಿಸುತ್ತಿದ್ದರು. ಎರಡೇ ವಾರದಲ್ಲಿ ಬರುವ ಮಕ್ಕಳು ಅರ್ಧಕ್ಕರ್ಧ ಕಡಿಮೆಯಾದರು. ಆಮೇಲೆ ಮುಖ್ಯ ಶಿಕ್ಷಕಿ ಒಂದು ಕಟ್ಟಳೆ ಮಾಡಿದರು: ಯಾವ ಪುಸ್ತಕ ಎಂದು ಆರಿಸುವುದು ಮಗು, ಬರೆದುಕೊಳ್ಳುವುದು ದೊಡ್ಡವರು. ಹಾಳೆ ಹರಿದು ತಂದರೆ ಬೈಯುವಂತಿಲ್ಲ, ಹೊಲಿಯಬೇಕು.

ಹೊಲಿಯುವುದೆಂದರೆ ನಿಜವಾಗಿಯೂ ಹೊಲಿಯುವುದೇ. ತೆಳ್ಳಗಿನ ಮಕ್ಕಳ ಪುಸ್ತಕಗಳ ನಡುವೆ ಎರಡು ಪಿನ್ನು ಇರುತ್ತವಲ್ಲ, ಅವು ಕಬ್ಬಿಣದ ತಂತಿ. ಗಾಳಿಯ ತೇವ, ಆಮ್ಲಜನಕ ಸೇರಿ ತುಕ್ಕು ಹಿಡಿಯುತ್ತವೆ. ತುಕ್ಕು ಸುತ್ತಲಿನ ಕಾಗದವನ್ನು ಕಂದು ಮಾಡುತ್ತದೆ, ಆ ಜಾಗ ಪೆಡಸಾಗಿ ಹಾಳೆ ಅಲ್ಲಿಯೇ ಕಿತ್ತು ಬರುತ್ತದೆ. ಆ ಊರಿನಲ್ಲಿ ಬಟ್ಟೆ ಹೊಲಿಯುವ ತಾಯಿಯೊಬ್ಬರು ಇದನ್ನು ನೋಡಿ ಪಿನ್ನು ಕಿತ್ತುಹಾಕಿದರು, ಅದೇ ತೂತುಗಳಲ್ಲಿ ಹತ್ತಿಯ ದಾರ ಪೋಣಿಸಿ ಗಂಟು ಹಾಕಿದರು. ದಾರಕ್ಕೆ ತುಕ್ಕು ಹಿಡಿಯುವುದಿಲ್ಲ! ನಾನು ತುಕ್ಕಿನ ಸಮೀಕರಣವನ್ನು ಕಪ್ಪುಹಲಗೆಯ ಮೇಲೆ ಎಷ್ಟೋ ಸಲ ಬರೆದವನು. ಆ ಪಿನ್ನುಗಳನ್ನು ಕೀಳಬೇಕೆಂದು ನನಗೆ ಹೊಳೆದಿರಲಿಲ್ಲ. (ಹಳೆಯ ಕಾಲದ ಬೈಂಡರುಗಳು ಹುಳು ಹತ್ತದಿರಲೆಂದು ಮೈದಾ ಅಂಟಿಗೆ ಮೈಲುತುತ್ತು ಬೆರೆಸುತ್ತಿದ್ದರು. ಅಡಿಕೆ ತೋಟದ ಕೊಳೆರೋಗಕ್ಕೆ ಸುಣ್ಣದ ಜೊತೆ ಸೇರಿಸಿ ಹೊಡೆಯುತ್ತಾರಲ್ಲ, ಅದೇ. ಅದು ವಿಷ. ನೀವು ಮುಟ್ಟಲು ಹೋಗಬೇಡಿ.)

ಈಗ ಕೊನೆಯ ತಕರಾರು. ಇದನ್ನು ಹೇಳಿದ್ದು ಶಿಕ್ಷಕರಲ್ಲ, ಆರನೆಯ ತರಗತಿಯ ಒಬ್ಬ ಹುಡುಗಿ. ಪೋಷಕರ ಹೆಸರು ಬರೆಸಿ ಎಂದು ನಾನು ಹೇಳಿದಾಗ ಅವಳು ತಲೆ ಎತ್ತಲಿಲ್ಲ. ಎಲ್ಲರೂ ಹೊರಗೆ ಹೋದ ಮೇಲೆ ಹತ್ತಿರ ಬಂದು, “ಸಾರ್, ನಮ್ಮವ್ವನ್ನ ಕರೀಬ್ಯಾಡ್ರಿ. ಅವ್ವಂಗೆ ಓದಾಕೆ ಬರಲ್ಲ” ಎಂದಳು. ನಿಮ್ಮಲ್ಲೂ ಹಲವರಿಗೆ ಹೀಗೆ ಅನ್ನಿಸಿರಬಹುದು. ಓದಲು ಬಾರದವರು ಗ್ರಂಥಾಲಯದಲ್ಲಿ ಏನು ಮಾಡುತ್ತಾರೆ? ಎಲ್ಲರೆದುರು ನಗೆಪಾಟಲಾದರೆ? ಆ ಹುಡುಗಿಯ ಹೆದರಿಕೆ ಸುಳ್ಳಾಗಿರಲಿಲ್ಲ. ನಗುವವರು ಇದ್ದೇ ಇರುತ್ತಾರೆ.

ನಾವು ಒಂದು ಉಪಾಯ ಮಾಡಿದೆವು. ಪ್ರತಿ ಪುಸ್ತಕದ ಬೆನ್ನಿಗೆ ಬಣ್ಣದ ಕಾಗದದ ಪಟ್ಟಿ. ಕಥೆಗೆ ಕೆಂಪು, ಗಿಡ ಪ್ರಾಣಿಗಳಿಗೆ ಹಸಿರು, ಸೂರ್ಯ ನಕ್ಷತ್ರಗಳಿಗೆ ನೀಲಿ, ಮಾಡಿ ನೋಡುವ ಪ್ರಯೋಗಗಳಿಗೆ ಹಳದಿ. ಪಟ್ಟಿಯ ಮೇಲೆ ಒಂದು ಸಂಖ್ಯೆ. ಇದನ್ನೇ ವರ್ಗೀಕರಣ ಎನ್ನುವುದು. ನೀವು ವಿಜ್ಞಾನದಲ್ಲಿ ಸಸ್ಯಗಳನ್ನು, ಪ್ರಾಣಿಗಳನ್ನು ಗುಂಪು ಮಾಡುವುದು ಇದೇ ರೀತಿ. ಸಂತೆಯಲ್ಲಿ ಲೆಕ್ಕ ಮಾಡುವ ಯಾರಿಗೂ ಅಂಕಿ ಹೊಸದಲ್ಲ. ಬಸ್ಸಿನ ನಂಬರನ್ನು, ನೋಟನ್ನು ಗುರುತಿಸುವ ಕಣ್ಣಿಗೆ ಇದು ಎಷ್ಟರದು?

ಆ ತಾಯಿ ಬಂದರು. ಮೊದಲ ಶನಿವಾರ ಬಾಗಿಲ ಹತ್ತಿರವೇ ಕುಳಿತಿದ್ದರು. ಮೂರನೆಯ ವಾರದ ಹೊತ್ತಿಗೆ ಯಾವ ಪುಸ್ತಕ ಯಾವ ಸಾಲಿನದು ಎಂದು ನನಗಿಂತ ಬೇಗ ಹೇಳುತ್ತಿದ್ದರು. ಮಕ್ಕಳು ಕಡಿಮೆ ಇದ್ದಾಗ ಮಗಳಿಂದ ಒಂದು ಪುಸ್ತಕ ಓದಿಸಿಕೊಂಡು ಕೇಳುತ್ತಿದ್ದರು.

ಹಾಗೆ ಓದಿಸಿದ ಒಂದು ಹಸಿರು ಪಟ್ಟಿಯ ಪುಸ್ತಕದಲ್ಲಿ ಶೇಂಗಾ ಗಿಡದ ಚಿತ್ರವಿತ್ತು. ಮಣ್ಣಿನೊಳಗೆ ಬೇರು, ಬೇರಿನ ತುದಿತುದಿಗೂ ಕಾಯಿ ನೇತಾಡುತ್ತಿದೆ. ತಾಯಿ ಚಿತ್ರದ ಮೇಲೆ ಬೆರಳಿಟ್ಟು, “ಇದು ತಪ್ಪೈತೆ” ಎಂದರು. ಮಗಳಿಗೆ ಅವಮಾನವಾದಂತಾಯಿತು. “ಸುಮ್ನಿರವ್ವ, ಪುಸ್ತಕದಾಗೆ ಹಂಗೇ ಐತೆ.” ತಾಯಿ ನನ್ನತ್ತ ತಿರುಗಿ, “ಮೇಷ್ಟ್ರೇ, ಬೇರಾಗೆ ಕಾಯಿ ಬಿಡಲ್ಲ. ಹೂ ಬಾಡಿದ ಮ್ಯಾಲೆ ಅಲ್ಲಿಂದ ಸೂಜಿ ಇಳಿದಂಗೆ ಇಳಿತೈತೆ. ಅದು ಮಣ್ಣಿಗೆ ಇಳಿದ್ರೆ ನಾವು ಎಡೆಕುಂಟೆ ಹೊಡೆಯೋದೇ ನಿಲ್ಲಿಸ್ತೀವಿ” ಎಂದರು. ನನ್ನ ಎಂ.ಎಸ್ಸಿ. ರಸಾಯನ ವಿಜ್ಞಾನದ್ದು. ಆ ಪುಸ್ತಕವನ್ನು ನಾಲ್ಕಾರು ಶಾಲೆಗಳಲ್ಲಿ ತಿರುವಿ ಹಾಕಿದ್ದೆ. ಚಿತ್ರವನ್ನು ನೋಡಿಯೂ ನೋಡಿರಲಿಲ್ಲ.

ಮುಂದಿನ ಶನಿವಾರ, ಅದು ಆಗಸ್ಟ್ ಕೊನೆ, ಅವರು ಸೆರಗಿನಲ್ಲಿ ಒಂದು ಗಿಡ ಸುತ್ತಿಕೊಂಡು ಬಂದರು, ಮಣ್ಣಿನ ಸಮೇತ. ಮೇಜಿನ ಮೇಲೆ ಹಾಳೆ ಹಾಸಿ ಇಟ್ಟೆವು. ಮಕ್ಕಳೆಲ್ಲ ಮುತ್ತಿಕೊಂಡರು. ಕಾಂಡದ ಗೆಣ್ಣುಗಳಿಂದ ಸೂಜಿಯಂಥ ಕಡ್ಡಿಗಳು ಕೆಳಮುಖವಾಗಿ ಇಳಿದಿದ್ದವು. ಕೆಲವು ಇನ್ನೂ ಗಾಳಿಯಲ್ಲೇ ಇದ್ದವು. ಕೆಲವು ಮಣ್ಣು ಹೊಕ್ಕು ತುದಿಯಲ್ಲಿ ಎಳೆ ಕಾಯಿ ಕಟ್ಟಿದ್ದವು. ಹೂವಿನ ಅಂಡಾಶಯದ ತಳಭಾಗವೇ ಹೀಗೆ ಉದ್ದವಾಗಿ ಬೆಳೆದು ಮಣ್ಣಿಗೆ ಇಳಿಯುವುದು. ಒಳಗಿನ ಕತ್ತಲೆಯಲ್ಲಿ ಕಾಯಿ ಬಲಿಯುತ್ತದೆ. ಹಾಗಾದರೆ ಬೇರಿನಲ್ಲಿ ಏನಿತ್ತು? ಸಾಸಿವೆಯಂಥ ಗಂಟುಗಳಿದ್ದವು. ಅವು ರೈಜೋಬಿಯಂ ಜಾತಿಯ ಬ್ಯಾಕ್ಟೀರಿಯಾಗಳ ಮನೆ. ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುವುದು ಅವುಗಳ ಕೆಲಸ. ಇಷ್ಟನ್ನು ನಾನು ಹೇಳಿದೆ. ತಾಯಿ ಕೇಳಿಸಿಕೊಂಡು, “ಅದಕ್ಕೇಯಾ ಶೇಂಗಾ ಹಾಕಿದ ಹೊಲದಾಗೆ ಮುಂದಿನ ಬೆಳೆ ಚೆಂದಾಗಿ ಬರೋದು” ಎಂದರು.

ಮಕ್ಕಳೇ, ಇಂದು ಮನೆಗೆ ಹೋದಾಗ ನಿಮ್ಮವರನ್ನು ಕೇಳಿ ನೋಡಿ. ಶನಿವಾರ ಒಂದು ಗಂಟೆ ಆಗುತ್ತದಾ ಎಂದು. ಆಗುವುದಿಲ್ಲ ಎಂದರೆ ಬೇಸರಪಡಬೇಡಿ, ಮುಂದಿನ ತಿಂಗಳು ಮತ್ತೆ ಕೇಳಿ. ಗೆದ್ದಲು, ತುಕ್ಕು, ಶೇಂಗಾ, ಇಂಥವುಗಳಲ್ಲಿ ಅವರಿಗೆ ಏನೇನು ಗೊತ್ತಿದೆ ಎಂದೂ ಕೇಳಿ, ಬರೆದುಕೊಂಡು ಬನ್ನಿ.

ಆ ಪುಸ್ತಕವನ್ನು ಏನು ಮಾಡುವುದು ಎಂಬ ಚರ್ಚೆ ಅವತ್ತು ನಡೆಯಿತು. ತಪ್ಪು ಇರುವ ಪುಸ್ತಕವನ್ನು ತೆಗೆದುಹಾಕಿ ಎಂದರು ಕೆಲವರು. ಹುಡುಗಿ ಬೇಡ ಎಂದಳು. ಒಂದು ಚೀಟಿ ಕತ್ತರಿಸಿ, ನೋಡಿದ್ದನ್ನು ತಾರೀಖಿನ ಸಮೇತ ಬರೆದು, ಗಿಡದ ಚಿತ್ರವನ್ನು ತಾನೇ ಬಿಡಿಸಿ, ಆ ಪುಟದ ಅಂಚಿಗೆ ಅಂಟಿಸಿದಳು. ಕೆಳಗೆ ‘ನೋಡಿದವರು’ ಎಂದು ಬರೆದು ತಾಯಿಯ ಹೆಸರನ್ನು ಮೊದಲು ಹಾಕಿ, ತನ್ನ ಹೆಸರನ್ನು ಆಮೇಲೆ ಹಾಕಿದಳು. ಪುಸ್ತಕ ಈಗಲೂ ಹಸಿರು ಪಟ್ಟಿಯ ಸಾಲಿನಲ್ಲಿದೆ. ಅದಕ್ಕೂ ಮೊದಲು ಅದನ್ನು ಮನೆಗೆ ಒಯ್ದವರು ಇಬ್ಬರೇ. ಕಳೆದ ಸಲ ನಾನು ಹೋದಾಗ ರಿಜಿಸ್ಟರಿನಲ್ಲಿ ಎಣಿಸಿದೆ, 23 ಆಗಿತ್ತು. ಎಲ್ಲರೂ ಚೀಟಿ ನೋಡಲು ಒಯ್ಯುತ್ತಾರಂತೆ.