ಬಾಡಿಗೆಯ ಮನೆಯ ಹೊಸ್ತಿಲು

ಮನೆಯು ಸ್ವಂತದ್ದಿರಲಿ, ಬಾಡಿಗೆಯದಿರಲಿ, ಒಳಗಿನವರ ಅಪ್ಪಣೆಯಿಲ್ಲದೆ ಹೊಸ್ತಿಲು ದಾಟಬಾರದೆಂಬದು ನಮ್ಮ ಜನರ ಹಳೆಯ ನಡತೆ. ಆದರೆ ಬಾಡಿಗೆದಾರನ ಬಾಗಿಲಿಗೆ ಅಧಿಕಾರಿಗಳು ಬಂದು ನಿಂತರೆಂದರೆ, ಮಾಲಕನ ಒಪ್ಪಿಗೆಯೊಂದಿದ್ದರೆ ಸಾಕು, ಒಳಗಿರುವವನ ಸಮ್ಮತಿಯು ಬೇಡವೆಂಬ ಭ್ರಮೆಯು ಸುಶಿಕ್ಷಿತರಲ್ಲಿಯೂ ಉಂಟು. ಬೆಂಕಿಯ ತಪಾಸಣೆಯೆಂದೊಡನೆಯಂತೂ ಪ್ರಶ್ನಿಸುವದೇ ಅಪರಾಧವೆಂದು ಎಣಿಸುವವರು ಬಹಳ. ಈ ಭ್ರಮೆಯನ್ನು ವಾಚಕರು ಒರೆಗೆ ಹಚ್ಚಿ ನೋಡತಕ್ಕದ್ದು.

ಈ ವಿಷಯದಲ್ಲಿ ಅಮೇರಿಕೆಯ ಅನುಭವವು ಬೋಧಪ್ರದವಾಗಿದೆ. ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 1959ರಲ್ಲಿ ಆರೋಗ್ಯಾಧಿಕಾರಿಗೆ ಮನೆಯನ್ನು ತಪಾಸಿಸಲು ವಾರಂಟು ಬೇಡವೆಂದು ಹೇಳಿತ್ತು. ಐವರು ನ್ಯಾಯಾಧೀಶರು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ಎಂಟೇ ವರ್ಷಗಳಲ್ಲಿ ಆ ಮಾತು ಬಿದ್ದುಹೋಯಿತು. ಸಾನ್ ಫ್ರಾನ್ಸಿಸ್ಕೋ ನಗರದ ಬಾಡಿಗೆದಾರನೊಬ್ಬನು ವಾರಂಟಿಲ್ಲದೆ ಬಂದ ತಪಾಸಣಾಧಿಕಾರಿಗಳನ್ನು ಒಳಗೆ ಬಿಡಲಿಲ್ಲ. ಅದಕ್ಕಾಗಿ ಅವನ ಮೇಲೆ ಖಟ್ಲೆ ಹೂಡಲಾಯಿತು. 1967ರಲ್ಲಿ ಅದೇ ನ್ಯಾಯಾಲಯವು ಅವನ ಪಕ್ಷವನ್ನು ಎತ್ತಿಹಿಡಿಯಿತು. ಅದೇ ದಿನ, ಸಿಯಾಟಲ್ ನಗರದ ಬೀಗ ಹಾಕಿದ ಉಗ್ರಾಣವೊಂದರ ಮೊಕದ್ದಮೆಯಲ್ಲಿ, ಅಗ್ನಿಶಾಮಕ ಅಧಿಕಾರಿಗೂ ಇದೇ ನಿಯಮವೆಂದು ತೀರ್ಪಾಯಿತು. ಆದರೂ ನ್ಯಾಯಾಲಯವು ತಪಾಸಣೆಯ ಕೈ ಕಟ್ಟಲಿಲ್ಲ. ಆ ಮನೆಯ ಮೇಲೆಯೇ ಸಂಶಯವಿರಬೇಕಾದ್ದಿಲ್ಲ, ಕಟ್ಟಡದ ವಯಸ್ಸು, ಓಣಿಯ ಸ್ಥಿತಿ ಇಷ್ಟೇ ವಾರಂಟಿಗೆ ಸಾಕೆಂದಿತು. ಉರಿಯುತ್ತಿರುವ ಮನೆಗೆ ಯಾವ ವಾರಂಟೂ ಬೇಡ. ಆದರೆ ಬೆಂಕಿ ಆರಿ, ಅಧಿಕಾರಿಗಳು ಹೊರಟುಹೋಗಿ, ದಿನಗಳು ಕಳೆದಮೇಲೆ ಪುರಾವೆ ಹುಡುಕಲು ಮರಳಿ ಬಂದರೆ ವಾರಂಟು ಬೇಕೆಂದು 1978ರಲ್ಲಿ ಗೊತ್ತುಪಡಿಸಿತು. ಮಾಲಕನ ಒಪ್ಪಿಗೆಯ ಬಲದಿಂದ ಪೋಲೀಸರು ಬಾಡಿಗೆಮನೆಯ ಕಿಟಕಿಯಿಂದ ಒಳಹೊಕ್ಕದ್ದನ್ನು ಅದು 1961ರಲ್ಲಿಯೇ ತಿರಸ್ಕರಿಸಿತ್ತು.

ನಮ್ಮ ಸಂವಿಧಾನದಲ್ಲಿ ಮನೆಯ ಶೋಧದ ವಿರುದ್ಧ ಅಂಥ ಪ್ರತ್ಯೇಕ ಕಲಮಿಲ್ಲ. ಆದರೂ ಹೊಸ್ತಿಲಿಗೆ ರಕ್ಷಣೆ ಇಲ್ಲವೆಂದಲ್ಲ. ಸಂಶಯಿತರ ಮನೆಗೆ ರಾತ್ರಿಯಲ್ಲಿ ಹೋಗಿ ಬಾಗಿಲು ಬಡಿಯುವ ಉತ್ತರ ಪ್ರದೇಶದ ಪೋಲೀಸ ನಿಯಮವನ್ನು ನಮ್ಮ ಸರ್ವೋಚ್ಚ ನ್ಯಾಯಾಲಯವು 1962ರಲ್ಲಿ ರದ್ದುಗೊಳಿಸಿತು. 2017ರಲ್ಲಿ ಒಂಬತ್ತು ನ್ಯಾಯಾಧೀಶರು ಏಕಮತದಿಂದ ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿದರು. ಆ ಮೊಕದ್ದಮೆಯ ಮೊದಲನೆಯ ಅರ್ಜಿದಾರರಾದ ಕೆ. ಎಸ್. ಪುಟ್ಟಸ್ವಾಮಿಯವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳೆಂಬದು ಕನ್ನಡಿಗರಿಗೆ ಅಭಿಮಾನದ ಸಂಗತಿ.

2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯಂತೆ, ತನಿಖೆಯಲ್ಲಿರುವ ಪೋಲೀಸ ಅಧಿಕಾರಿಯು ವಿಳಂಬಕ್ಕೆ ಆಸ್ಪದವಿಲ್ಲದಾಗ ವಾರಂಟಿಲ್ಲದೆ ಶೋಧಿಸಬಹುದು. ಆದರೆ ಕಾರಣವನ್ನು ಮೊದಲೇ ಬರೆದಿಡಬೇಕು; ಅದರ ಪ್ರತಿಯನ್ನು 48 ತಾಸುಗಳೊಳಗೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು; ಶೋಧವನ್ನು ಚಿತ್ರೀಕರಿಸಬೇಕು. ಶೋಧದ ಕಾಲಕ್ಕೆ ಹಾಜರಿರುವ ಹಕ್ಕು ಮನೆಯಲ್ಲಿರುವವನದು. ಮಾಲಕನ ಮಾತೇ ವಾರಂಟಿಗೆ ಸಮವೆಂದು ಇದರಲ್ಲಿ ಎಲ್ಲಿಯೂ ಬರೆದಿಲ್ಲ. 1882ರ ಸ್ವತ್ತು ವರ್ಗಾವಣೆಯ ಕಾಯದೆಯು, ಬೇರೆ ಕರಾರಿಲ್ಲದಿದ್ದಲ್ಲಿ, ಯೋಗ್ಯ ವೇಳೆಯಲ್ಲಿ ಬಂದು ಮನೆಯ ಸ್ಥಿತಿಯನ್ನು ನೋಡುವ ಹಕ್ಕನ್ನು ಮಾಲಕನಿಗೂ ಅವನ ಪ್ರತಿನಿಧಿಗೂ ಕೊಟ್ಟಿದೆ. ಗೋಡೆ ಬಿರಿದಿದೆಯೇ ಎಂದು ನೋಡುವ ಹಕ್ಕು ಅದು. ಬಾಡಿಗೆದಾರನ ಪೆಟ್ಟಿಗೆ ತೆರೆಸುವ ಹಕ್ಕಲ್ಲ.

ಹಾಗೆಂದು ತಪಾಸಣೆಯೇ ಬೇಡವೆಂಬ ವಾದಕ್ಕೆ ನಾವು ಸೇರಲಾರೆವು. 2010ರ ಫೆಬ್ರುವರಿಯಲ್ಲಿ ಬೆಂಗಳೂರಿನ ಕಾರ್ಲ್ಟನ್ ಟವರ್ಸ್ ಕಟ್ಟಡದ ಬೆಂಕಿಗೆ ಒಂಬತ್ತು ಜನರು ಬಲಿಯಾದರು. ಮಾಲಕನು ಮುಚ್ಚಿಟ್ಟ ದೋಷಕ್ಕೆ ಮೊದಲು ಸುಡುವದು ಬಾಡಿಗೆದಾರನ ಸಂಸಾರವೇ. ಬಾಗಿಲು ತೆರೆಯುವದು ಅವನದೇ ಹಿತ. ಆದರೆ ತಂತಿ ನೋಡಲು ಬಂದವನ ಬೆನ್ನ ಹಿಂದೆ ಪೋಲೀಸನು ನುಸುಳಿ ಬೇರೇನನ್ನೋ ಹುಡುಕತೊಡಗಿದರೆ, ಮರುದಿನದಿಂದ ಯಾವನೂ ಅಗ್ನಿಶಾಮಕದವನಿಗೆ ಬಾಗಿಲು ತೆರೆಯಲಾರನು. ಆಗ ಕೆಡುವದು ಹಕ್ಕೊಂದೇ ಅಲ್ಲ, ಸುರಕ್ಷಿತತೆಯೂ.

ಆದುದರಿಂದ ತಪಾಸಣೆಗೆ ಮುನ್ಸೂಚನೆ ಬೇಕು. ಅದರಲ್ಲಿ ಉದ್ದೇಶವೂ ಯಾವ ಅಧಿಕಾರದಿಂದ ಬರುತ್ತಾರೆಂಬದೂ ಸ್ಪಷ್ಟವಿರಬೇಕು. ಅದು ಕನ್ನಡದಲ್ಲಿಯೇ ಇರಬೇಕು. ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ಕನ್ನಡ ನಾಡು 1956ರ ನವೆಂಬರ 1ರಂದು ಒಂದಾದದ್ದು ನಕಾಶೆಯ ಅಂದಕ್ಕಾಗಿ ಅಲ್ಲ. ತನ್ನ ಬಾಗಿಲಿಗೆ ಬಂದ ಸರಕಾರದ ಮಾತು ತನಗೆ ತಿಳಿಯಲೆಂದು. ಶಿಕ್ಷಕರು ಈ ನಾಲ್ಕು ನಿಯಮಗಳನ್ನು ತಮ್ಮ ಓಣಿಯ ಜನರಿಗೆ ತಿಳಿಹೇಳಲಿ. ವಿನಯದಿಂದ ಕಾಗದ ಕೇಳುವವನು ಸರಕಾರದ ವೈರಿಯಲ್ಲ. ಕಾಯದೆಯನ್ನು ಅದರ ಹಾದಿಯಲ್ಲಿ ನಡೆಸುವ ಪ್ರಜೆ.