ಬಡವನ ಮನೆಗೆ ಅಂಕಿಯ ಬೀಗ

ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ ಒಬ್ಬ ವ್ಯಾಪಾರಿ ಇನ್ನೊಬ್ಬನಿಗೆ ಉದ್ರಿ ಕೊಡುವಾಗ ಏನನ್ನು ನೋಡುತ್ತಾನೆ? ಮನುಷ್ಯನನ್ನು ನೋಡುತ್ತಾನೆ, ಅವನ ದುಡಿಮೆಯನ್ನು ನೋಡುತ್ತಾನೆ, ಹೋದ ವರ್ಷದ ಬಾಕಿ ಯಾಕೆ ನಿಂತಿತೆಂದು ಕೇಳುತ್ತಾನೆ. ಮನೆ ಕಟ್ಟಲು ಸಾಲ ಬೇಡಿ ಬ್ಯಾಂಕಿನ ಮೆಟ್ಟಿಲೇರಿದ ದುಡಿಮೆಗಾರನಿಗೆ ಮಾತ್ರ ಇಂಥ ಪ್ರಶ್ನೆಯ ಭಾಗ್ಯವೂ ಇಲ್ಲ. ಯಂತ್ರದಲ್ಲಿ 300 ರಿಂದ 900ರ ನಡುವಿನ ಒಂದು ಅಂಕಿ ಮೂಡುತ್ತದೆ. ಜನ ಅದನ್ನು ಸಿಬಿಲ್ ಎನ್ನುತ್ತಾರೆ. ಅಂಕಿ ಕಡಿಮೆಯಾದರೆ ಅರ್ಜಿ ಹಿಂದಕ್ಕೆ!

ಹಳ್ಳಿಯ ಬಡವರಿಗೆ ಮನೆ ಕೊಡುತ್ತೇವೆಂದು 2016ರಲ್ಲಿ ಕೇಂದ್ರ ಸರಕಾರ ಗ್ರಾಮೀಣ ಆವಾಸ ಯೋಜನೆ ತಂದಿತು. ಬಯಲುನಾಡಿನ ಮನೆಗೆ 1,20,000 ರೂ. ಸಹಾಯಧನ. 2024ರಲ್ಲಿ ಯೋಜನೆಯನ್ನು ಮತ್ತೆ ಐದು ವರ್ಷ ಮುಂದುವರಿಸಿದಾಗಲೂ ಆ ಮೊತ್ತ ಅಲ್ಲೇ ನಿಂತಿತು. ಸಿಮೆಂಟು, ಕಬ್ಬಿಣ, ಉಸುಕು, ಗೌಂಡಿಯ ಪಗಾರ, ಇವು ಮಾತ್ರ ನಿಲ್ಲಲಿಲ್ಲ. ಕೊರತೆ ತುಂಬಲು 70,000 ರೂ. ವರೆಗೆ ಸಾಲ ಕೊಡಿಸುವ ಮಾತು ಯೋಜನೆಯ ಕಟ್ಟಳೆಯಲ್ಲೇ ಇದೆ. ಆದರೆ ಸಹಾಯಧನಕ್ಕೆ ಬೇಡವಾದ ಅಂಕಿ ಸಾಲಕ್ಕೆ ಬೇಕು. ಅಡಿಪಾಯಕ್ಕೆ ಸರಕಾರ, ಮಾಳಿಗೆಗೆ ಸಿಬಿಲ್!

ಇನ್ನೊಂದು ವಿಚಿತ್ರ ನೋಡಿರಿ. 50,000 ರೂ. ಮತ್ತು ಅದಕ್ಕೂ ಹೆಚ್ಚಿನ ಮಿತಿಯ ಕಿಸಾನ್ ಕ್ರೆಡಿಟ್ ಕಾರ್ಡು ಇದ್ದ ಕುಟುಂಬಕ್ಕೆ ಈ ಯೋಜನೆಯ ಮನೆ ಇಲ್ಲ. ಸರಕಾರದಲ್ಲಿ ನೋಂದಾಯಿಸಿದ ಕೃಷಿಯೇತರ ಉದ್ಯಮವಿದ್ದರೂ ಇಲ್ಲ. ಮಗ್ಗ ನೋಂದಾಯಿಸಿರಿ, ಅಂಗಡಿ ನೋಂದಾಯಿಸಿರಿ ಎಂದು ಉಪದೇಶಿಸುವ ಸರಕಾರವೇ, ನೋಂದಾಯಿಸಿದವನ ಹೆಸರನ್ನು ಮನೆಯ ಯಾದಿಯಿಂದ ಹೊಡೆದುಹಾಕುತ್ತದೆ. ಸಾಲ ಸಿಗುವವನಿಗೆ ಸಹಾಯಧನವಿಲ್ಲ. ಸಹಾಯಧನ ಸಿಕ್ಕವನಿಗೆ ಸಾಲವಿಲ್ಲ.

ಈ ಅಂಕಿ ಕೆಡುವುದಾದರೂ ಹೇಗೆ? 2019ರ ಆಗಸ್ಟಿನಲ್ಲಿ ಘಟಪ್ರಭೆ ಊರೊಳಗೆ ನುಗ್ಗಿತು. ಮರುವರ್ಷ ಮಾರ್ಚಿನಲ್ಲಿ ದೇಶವೇ ಬಾಗಿಲು ಹಾಕಿತು. ರಬಕವಿ, ಬನಹಟ್ಟಿ, ಮಹಾಲಿಂಗಪುರದ ಮಗ್ಗಗಳ ಸದ್ದಡಗಿತು. ರಿಸರ್ವ್ ಬ್ಯಾಂಕು ಆರು ತಿಂಗಳ ಕಂತು ಮುಂದೂಡಲು ಅವಕಾಶ ಕೊಟ್ಟಿತು, ನಿಜ. ಆದರೆ ನಿಂತ ಮಗ್ಗದ ನಷ್ಟ ಆರು ತಿಂಗಳಲ್ಲಿ ತುಂಬುವಂಥದಲ್ಲ. ಸಂಘದ ಸಣ್ಣ ಸಾಲದ ಕಂತು ತಪ್ಪಿತು. ನೆರೆ ಬಂದದ್ದನ್ನು ಅಂಕಿ ಬರೆದುಕೊಳ್ಳಲಿಲ್ಲ. ಕಂತು ತಪ್ಪಿದ್ದನ್ನಷ್ಟೇ ಬರೆದುಕೊಂಡಿತು. ಇದು ಪ್ರಾಮಾಣಿಕತೆಯ ಅಳತೆಯಲ್ಲ, ದುರ್ದೈವದ ಅಳತೆ.

ದೊಡ್ಡವರ ಪಾಡು ಹೇಗಿದೆ? 2014-15 ರಿಂದ 2022-23ರ ವರೆಗಿನ ಒಂಬತ್ತು ವರ್ಷಗಳಲ್ಲಿ ಬ್ಯಾಂಕುಗಳು 14.56 ಲಕ್ಷ ಕೋಟಿ ರೂ. ಸಾಲವನ್ನು ಲೆಕ್ಕದಿಂದ ತೆಗೆದವೆಂದು ಸರಕಾರವೇ ಸಂಸತ್ತಿಗೆ ತಿಳಿಸಿತು. ಅದರ ಅರ್ಧಕ್ಕೂ ಹೆಚ್ಚು ದೊಡ್ಡ ಉದ್ದಿಮೆಗಳದು. ಅದು ಮಾಫಿಯಲ್ಲ, ವಸೂಲಿ ಮುಂದುವರಿಯುತ್ತದೆ ಎಂಬ ಸಮಜಾಯಿಷಿ ನಮಗೂ ಗೊತ್ತು. ಆ ತಾಳ್ಮೆಯ ನೂರರಲ್ಲೊಂದು ಪಾಲು ನೇಕಾರನಿಗೇಕಿಲ್ಲ?

ಮೊದಲ ಬಾರಿ ಸಾಲ ಕೇಳುವವರನ್ನು ಹಿಂದಿನ ಸಾಲದ ಚರಿತ್ರೆ ಇಲ್ಲವೆಂಬ ಒಂದೇ ಕಾರಣಕ್ಕೆ ತಿರಸ್ಕರಿಸಬಾರದೆಂದು 2025ರಲ್ಲಿ ರಿಸರ್ವ್ ಬ್ಯಾಂಕು ಹೇಳಿದೆ. ಕನಿಷ್ಠ ಅಂಕಿಯನ್ನು ಅದು ನಿಗದಿ ಮಾಡಿಲ್ಲವೆಂದು ಸರಕಾರವೂ ಲೋಕಸಭೆಯಲ್ಲಿ ಹೇಳಿದೆ. ಒಳ್ಳೆಯದು. ಆದರೆ ಒಮ್ಮೆ ಎಡವಿದವನ ಗತಿ? ಅವನನ್ನು ಬ್ಯಾಂಕಿನ ಮರ್ಜಿಗೆ ಬಿಟ್ಟಿದ್ದಾರೆ.

ಬಂಡವಾಳಶಾಹಿಯ ತವರಾದ ಅಮೇರಿಕೆಯನ್ನೇ ನೋಡಿರಿ. ಅಲ್ಲಿ 1949ರ ವಸತಿ ಕಾಯದೆಯ ಬಲದಿಂದ ಕೃಷಿ ಇಲಾಖೆಯೇ ಹಳ್ಳಿಯ ಬಡವನಿಗೆ ಮನೆಸಾಲ ಕೊಡುತ್ತದೆ. ಬ್ಯಾಂಕು ಕೊಟ್ಟ ಸಾಲಕ್ಕೆ ಜಾಮೀನೂ ನಿಲ್ಲುತ್ತದೆ. ಅಂಕಿ ಇಲ್ಲದವನು ಬಾಡಿಗೆ, ವಿದ್ಯುತ್ತಿನ ಬಿಲ್ಲು ತಪ್ಪದೆ ಕಟ್ಟಿದ್ದನ್ನು ತೋರಿಸಿ ತನ್ನ ನಂಬಿಕೆ ಸಾಬೀತು ಮಾಡಬಹುದು. ಲಾಭವೇ ದೇವರೆಂದವರಿಗೆ ಸಾಧ್ಯವಾದದ್ದು ನಮಗೇಕೆ ಅಸಾಧ್ಯ?

ನಮ್ಮ ಬೇಡಿಕೆ ಇಷ್ಟು: 70,000 ರೂ. ಸಾಲಕ್ಕೆ ಸರಕಾರವೇ ಜಾಮೀನು ನಿಲ್ಲಲಿ. ಅಂಕಿಯ ಬದಲು ವಿದ್ಯುತ್ ಬಿಲ್ಲು, ಬಾಡಿಗೆ ಪಾವತಿ, ಸಂಘದ ಪುಸ್ತಕ ನೋಡಲಿ. ನೆರೆ ಮತ್ತು ಬಂದಿನ ಕಾಲದಲ್ಲಿ ತಪ್ಪಿದ ಕಂತನ್ನು ಕಳಂಕವೆಂದು ಎಣಿಸದಿರಲಿ. 1,20,000ವನ್ನು ಇಂದಿನ ಬೆಲೆಗೆ ತಕ್ಕಂತೆ ಏರಿಸಲಿ.

ಅಲ್ಲಿಯ ವರೆಗೆ ಸುಮ್ಮನೆ ಕೂಡಬೇಡಿರಿ. ವರ್ಷಕ್ಕೊಮ್ಮೆ ನಿಮ್ಮ ಸಾಲದ ವರದಿಯನ್ನು ಪುಕ್ಕಟೆ ಪಡೆಯುವ ಹಕ್ಕು ನಿಮಗಿದೆ. ತೀರಿಸಿದ ಸಾಲ ಬಾಕಿಯೆಂದು ಕಂಡರೆ ಬರೆದು ದೂರು ಕೊಡಿರಿ. 30 ದಿನಗಳಲ್ಲಿ ಸರಿಪಡಿಸದಿದ್ದರೆ ಆಮೇಲಿನ ದಿನಕ್ಕೆ 100 ರೂ. ಪರಿಹಾರವೆಂಬ ನಿಯಮ 2024ರಿಂದ ಜಾರಿಯಲ್ಲಿದೆ. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿರಿ. ಒಬ್ಬೊಬ್ಬರಾಗಿ ಹೋಗಬೇಡಿರಿ, ಹತ್ತು ಜನ ಕೂಡಿ ಹೋಗಿರಿ. ಒಬ್ಬನನ್ನು ಅಂಕಿ ತೋರಿಸಿ ಹೊರಗೆ ಕಳಿಸಬಹುದು, ಊರನ್ನೇ ಕಳಿಸಲಾಗದು.