ಬದಲಾದ ಸಾಲಷ್ಟೇ ಓದಿದರೆ ಸಾಕೆ?

ಸಾಫ್ಟ್‌ವೇರ್ ಕೆಲಸದಲ್ಲಿ ಮಗನೋ ಸೊಸೆಯೋ ಇಲ್ಲದ ಮನೆ ನಮ್ಮ ಸಂಘದ ಬಂಧುಗಳಲ್ಲಿ ಈಗ ಅಪರೂಪ. ಅವರ ಬಾಯಲ್ಲಿ ಆಗಾಗ ಕೇಳಿಬರುವ ಮಾತೊಂದುಂಟು: "ಬರೀ ರಿವ್ಯೂ ಇತ್ತು, ಹತ್ತು ನಿಮಿಷದಲ್ಲಿ ಮುಗಿಸಿದೆ." ಇನ್ನೊಬ್ಬರು ಮಾಡಿದ ಬದಲಾವಣೆಯನ್ನು ಓದಿ ಒಪ್ಪಿಗೆ ಕೊಡುವ ಕೆಲಸಕ್ಕೆ ಈ 'ಬರೀ' ಎಲ್ಲಿಂದ ಅಂಟಿಕೊಂಡಿತು? ಬರೆದವನಿಗೆ ಬಡ್ತಿ, ಓದಿದವನಿಗೆ ಬೇಸರ ಎಂಬ ಈ ಪದ್ಧತಿಯನ್ನು ನಾನು ಒಪ್ಪಲಾರೆ. ಏಕೆಂಬುದನ್ನು ನಡೆದ ಒಂದು ಪ್ರಕರಣದಿಂದಲೇ ಹೇಳುತ್ತೇನೆ.

ಫ್ಯಾಬ್ರೀಸ್ ಬೆಲ್ಲಾರ್ ಎಂಬುವರು 2003ರಲ್ಲಿ ಆರಂಭಿಸಿದ ಕ್ಯೂಎಮು ಎಂಬ ತಂತ್ರಾಂಶವಿದೆ. ಒಂದು ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರು ಇದೆಯೆಂದು ನಟಿಸುವುದು ಅದರ ಕೆಲಸ. ಇಂಥ ವ್ಯವಸ್ಥೆಯಲ್ಲಿ ಒಂದೇ ಯಂತ್ರದೊಳಗೆ ಹಲವು 'ಅತಿಥಿ' ಕಂಪ್ಯೂಟರುಗಳು, ವಠಾರದ ಬಾಡಿಗೆದಾರರಂತೆ, ಬೇರೆ ಬೇರೆ ಸಂಸಾರ ಹೂಡಬಹುದು. ನಡುವಿನ ಗೋಡೆ ಗಟ್ಟಿಯಿರಬೇಕು, ಅಷ್ಟೆ. ಅತಿಥಿಗೆ ನೆಟ್‌ವರ್ಕ್ ಕಾರ್ಡು ಬೇಕಲ್ಲ, ಅದಕ್ಕಾಗಿ ಎಎಂಡಿ ಕಂಪನಿಯ ಪಿಸಿನೆಟ್ ಎಂಬ ಹಳೆಯ ಕಾರ್ಡಿನ ಅನುಕರಣೆಯೂ ಅದರಲ್ಲಿದೆ. ಅತಿಥಿ ಕಳಿಸುವ ಪ್ಯಾಕೆಟ್ಟಿನ ತುಣುಕುಗಳು 4096 ಬೈಟಿನ ಒಂದು ಬಫರಿನಲ್ಲಿ ಜಮೆಯಾಗುತ್ತವೆ. ಸಾಮಾನ್ಯ ಈಥರ್ನೆಟ್ ಪ್ಯಾಕೆಟ್ಟು ಸುಮಾರು 1500 ಬೈಟು; ಹಾಗಾಗಿ ಜಾಗ ಧಾರಾಳವೆಂದೇ ತೋರುತ್ತದೆ. ಆದರೆ ಅತಿಥಿ ದುಷ್ಟನಾದರೆ? ತುಣುಕಿನ ಮೇಲೆ ತುಣುಕು ಸುರಿದು ಬಫರನ್ನು ಉಕ್ಕಿಸಬಹುದೆಂದು 2015ರ ಜೂನ್‌ನಲ್ಲಿ ಬಯಲಾಯಿತು. ತಿದ್ದುಪಡಿ ಬಂತು: ಒಟ್ಟು 4096 ಮೀರಿದರೆ ಬಿಡಬೇಡ. ತಿದ್ದುಪಡಿ ಸರಿಯಾದದ್ದೇ, ಅದರಲ್ಲಿ ಅನುಮಾನವಿಲ್ಲ.

ಅದೇ ನವೆಂಬರಿನಲ್ಲಿ ಅದೇ ಬಫರು ಮತ್ತೆ ಸುದ್ದಿಗೆ ಬಂತು! ತಾನು ಕಳಿಸಿದ್ದನ್ನು ತಾನೇ ಪಡೆದು ಪರೀಕ್ಷಿಸಿಕೊಳ್ಳುವ 'ಲೂಪ್‌ಬ್ಯಾಕ್' ಎಂಬ ಕ್ರಮ ಈ ಕಾರ್ಡಿಗಿದೆ. ಆಗ ಬಫರಿನಲ್ಲಿರುವ ಮಾಹಿತಿಯ ಬಾಲಕ್ಕೆ ತಪ್ಪು ಪತ್ತೆಗಾಗಿ ಸಿಆರ್‌ಸಿ ಎಂಬ 4 ಬೈಟಿನ ಸಂಖ್ಯೆ ಸೇರುತ್ತದೆ. ಸರಿಯಾಗಿ 4096 ಬೈಟು ಕಳಿಸಿದರೆ ಜೂನ್‌ನ ಕಾವಲುಗಾರ ಒಳಗೆ ಬಿಡುತ್ತಾನೆ. ಆಮೇಲೆ 4 ಸೇರಿ 4100. ಆ ನಾಲ್ಕು ಬೈಟು ಚೆಲ್ಲುತ್ತಿದ್ದುದಾದರೂ ಎಲ್ಲಿ? ಬಫರಿಗೆ ಅಂಟಿಕೊಂಡೇ ಇದ್ದ, ಇಂಟರಪ್ಟ್ ಸಂಕೇತ ಕೊಡಲು ಬಳಸುವ ವಿಳಾಸದ ಮೇಲೆ. ಅದನ್ನು ಉಪಾಯದಿಂದ ಕೆಡಿಸಿದ ಅತಿಥಿ ಗೋಡೆ ದಾಟಿ ಮನೆಯೊಡೆಯನ ಯಂತ್ರದಲ್ಲೇ ತನ್ನ ಆಜ್ಞೆ ನಡೆಸಬಲ್ಲ.

ಜೂನ್‌ನ ತಿದ್ದುಪಡಿಯನ್ನು ಓದಿದವರು ಸೋಮಾರಿಗಳೆಂದು ನಾನು ಹೇಳುತ್ತಿಲ್ಲ. ಬದಲಾದ ಸಾಲುಗಳನ್ನು ಎಷ್ಟು ಸಲ ಓದಿದರೂ ಅವುಗಳಲ್ಲಿ ತಪ್ಪು ಕಾಣುವುದಿಲ್ಲ. 'ಈ ಬಫರನ್ನು ಇನ್ನು ಯಾರು ಯಾರು ಮುಟ್ಟುತ್ತಾರೆ?' ಎಂದು ಹುಡುಕಿ ಹೊರಟವನಿಗೆ ಮಾತ್ರ ಅದು ಕಾಣುತ್ತದೆ. ಸಿಆರ್‌ಸಿ ಸೇರಿಸುವ ಸಾಲು ಅದೇ ಫೈಲಿನಲ್ಲಿತ್ತು, ಸ್ವಾಮಿ! ನಮ್ಮ ಸರಕಾರಿ ಕಚೇರಿಗಳಲ್ಲೂ ಚೀಟಿ ಸಿಕ್ಕಿಸಿದ ಪುಟವೊಂದನ್ನೇ ನೋಡಿ ಸಹಿ ಹಾಕುವವರುಂಟು. ಹಿಂದಿನ ಹಾಳೆಗಳಲ್ಲಿ ಏನಿದೆಯೆಂಬುದು ಆಡಿಟ್ ಬಂದ ದಿನವೇ ಅವರಿಗೆ ತಿಳಿಯುವುದು.

ಹಳೆಯ ಕಾರ್ಡು, ಬಳಸುವವರೇ ಕಡಿಮೆ ಎಂದು ಕೆಲವರು ಹೇಳಿಯಾರು. ಬಳಸುವವರು ಕಡಿಮೆಯಾದರೆ ಓದುವವರೂ ಕಡಿಮೆ. ತಪ್ಪು ತಂಗುವುದು ಅಲ್ಲಿಯೇ. ಯಂತ್ರವೇ ಪರೀಕ್ಷೆ ಮಾಡುತ್ತದಲ್ಲ ಎಂಬುದು ಇನ್ನೊಂದು ವಾದ. ಮಾಡಲಿ, ಬೇಡವೆನ್ನುವುದಿಲ್ಲ. ಆದರೆ 1500 ಬೈಟಿನ ಸಭ್ಯ ಪ್ಯಾಕೆಟ್ಟುಗಳನ್ನೇ ಸಾವಿರ ಸಲ ಕಳಿಸಿದರೂ 4096ರ ಅಂಚು ಸಿಕ್ಕುವುದಿಲ್ಲ. ಆ ಅಂಚನ್ನು ಪರೀಕ್ಷೆಗೆ ಒಡ್ಡಬೇಕೆಂದು ಯಾರಿಗಾದರೂ ತೋಚಬೇಕು.

ಆದ್ದರಿಂದ ಮೇಲಧಿಕಾರಿಗಳಾಗಿರುವ ನಮ್ಮ ಹುಡುಗ ಹುಡುಗಿಯರಿಗೆ ನನ್ನ ಒತ್ತಾಯವಿಷ್ಟೆ. ಓದಲು ಕೆಲಸದ ವೇಳೆಯಲ್ಲೇ ಗಂಟೆಗಳನ್ನು ಕೊಡಿ, ವರ್ಷದ ಕೊನೆಗೆ ಬಡ್ತಿಯ ಲೆಕ್ಕದಲ್ಲಿ ಅದನ್ನೂ ಹಿಡಿಯಿರಿ. ಒಪ್ಪಿಗೆಯ ಸಹಿಯ ಕೆಳಗೆ ತಾನು ಏನೇನು ಓದಿದೆನೆಂದು ಎರಡು ಸಾಲು ಬರೆಯುವುದನ್ನು ಕಡ್ಡಾಯ ಮಾಡಿ. 'ಈ ಬಫರನ್ನು ಮುಟ್ಟುವ ಕಡೆಗಳನ್ನೆಲ್ಲ ನೋಡಿದ್ದೇನೆ, ಲೂಪ್‌ಬ್ಯಾಕ್ ಮಾತ್ರ ನೋಡಿಲ್ಲ' ಎಂದು ಬರೆದರೂ ಸಾಕು, ಮುಂದಿನವನು ಅಲ್ಲಿಂದಲೇ ಆರಂಭಿಸಬಹುದು.